ಮೇಲಿನ ಕೋಣೆಯ ಮೌನ

ಕಂತು ಒಂಬತ್ತು

ಗಾಯಕಿಯ ತಂಗಿ ಚಹಾ ಕೊಟ್ಟದ್ದು ನೂರ ಹದಿನೇಳನೇ ನಂಬರಿನ ಕಪ್ಪಿನಲ್ಲಿ.

ಕಪ್ಪಿನ ಹಿಡಿಯ ಕೆಳಗೆ ಬಿಳಿ ಚೀಟಿ ಅಂಟಿತ್ತು. ಸಾಸರಿಗೆ ನೂರ ಹದಿನೆಂಟು. ಪತ್ತೇದಾರ ಜಿಗಣೆ ಕೂತಿದ್ದ ಕುರ್ಚಿ ನಲವತ್ತು, ಎದುರಿನ ಕಿಟಕಿಯ ಪರದೆಗಳು ನಲವತ್ತೊಂದು, ನಲವತ್ತೆರಡು. ಮ್ಯೂಸಿಯಂನವರು ಬೆಳಗ್ಗೆಯೇ ಬಂದು ಮನೆಯಲ್ಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ನಂಬರು ಹಚ್ಚಿ ಹೋಗಿದ್ದರು.

"ನನ್ನ ಓದೋ ಕನ್ನಡಕಕ್ಕೂ ಅಂಟಿಸಿದ್ದಾರೆ ನೋಡಿ," ಎಂದು ತಂಗಿ ಅದನ್ನು ಮೂಗಿನಿಂದ ಕಿತ್ತು ತೋರಿಸಿದರು. "ಇನ್ನೂರ ಮೂರು. 'ಗಾಯಕಿ ಬಳಸುತ್ತಿದ್ದ ಕನ್ನಡಕ' ಅಂತ ಬರೆದುಕೊಂಡ್ರು. ಅಕ್ಕ ಜೀವಮಾನದಲ್ಲೇ ಕನ್ನಡಕ ಹಾಕಿದವಳಲ್ಲ ಕಣ್ರೀ. ಹೇಳಿದ್ರೆ ಯಾರು ಕೇಳ್ತಾರೆ?"

"ನಿಮಗೊಂದು ನಂಬರು ಅಂಟಿಸಲಿಲ್ಲವಲ್ಲಮ್ಮ, ಪುಣ್ಯ."

"ನನಗ್ಯಾಕೆ ಅಂಟಿಸ್ತಾರೆ? ನಾನು ಹೊರಗೆ ಹಾಕೋ ಸಾಮಾನು."

ಅರವತ್ತಾರು ವರ್ಷದ ಹೆಂಗಸು ಅದನ್ನು ನಗುತ್ತಲೇ ಹೇಳಿದರು. ಜಿಗಣೆಗೆ ಮಾತ್ರ ನಗು ಬರಲಿಲ್ಲ. ಅವನು ಚಹಾ ಕುಡಿದು, ಕಪ್ಪನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡ.

ಪತ್ತೇದಾರನಿಗೆ ಜಿಗಣೆ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ. ಹಿಂದೆ ಅವನು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೈಮುಗಳ ತನಿಖೆ ಮಾಡುತ್ತಿದ್ದಾಗ, ತನ್ನ ಗೋದಾಮಿಗೆ ತಾನೇ ಬೆಂಕಿಯಿಟ್ಟುಕೊಂಡ ಮಹಾಶಯನೊಬ್ಬ "ಈ ಜಿಗಣೇನ ನನ್ನಿಂದ ಬಿಡಿಸಿ ಸ್ವಾಮಿ" ಎಂದು ಮೇಲಧಿಕಾರಿಗಳ ಮುಂದೆ ಗೋಳಾಡಿದ್ದ. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ.

ಗಾಯಕಿ ತೀರಿಹೋಗಿ ಮೂರು ತಿಂಗಳಾಗಿತ್ತು. ಉಯಿಲಿನಲ್ಲಿ ಮನೆಯ ಬಗ್ಗೆ ಇದ್ದದ್ದು ಒಂದೇ ಸಾಲು: ಅದರ ವಿಷಯ ನನ್ನ ಬಾಯಿಂದಲೇ ಹೇಳಿ ಹೋಗುತ್ತೇನೆ. ಹಾಗೆ ಹೇಳಿಹೋದದ್ದು ಇದು ಎಂದು ಅವರ ಮ್ಯಾನೇಜರು ವಕೀಲರ ಮುಂದೆ ಒಂದು ಟೇಪು ತಂದಿಟ್ಟಿದ್ದ. ಡಬ್ಬಿಯ ಮೇಲೆ ಮೂರನೇ ತಾರೀಖು, ಅಂದರೆ ಗಾಯಕಿ ಸಾಯುವುದಕ್ಕೆ ಹದಿನೈದು ದಿನ ಮುಂಚಿನದು.

ಮನೆಯನ್ನು ಮ್ಯೂಸಿಯಂನವರಿಗೆ ಒಪ್ಪಿಸುವ ಪತ್ರಕ್ಕೆ ನಾಳೆ ಹನ್ನೊಂದಕ್ಕೆ ವಕೀಲರ ಆಫೀಸಿನಲ್ಲಿ ಸಹಿ. ಅಷ್ಟರೊಳಗೆ ಟೇಪು ನಕಲಿ ಎಂದು ತೋರಿಸಿದರೆ ತಂಗಿ ತಾವು ನಲವತ್ತು ವರ್ಷ ಬಾಳಿದ ಮನೆಯಲ್ಲೇ ಇರುತ್ತಾರೆ. ಇಲ್ಲವಾದರೆ ಮನೆ ಮ್ಯೂಸಿಯಂ ಆಗುತ್ತದೆ, ತಂಗಿ ಗಂಟುಮೂಟೆ ಕಟ್ಟುತ್ತಾರೆ. ಜಿಗಣೆಯನ್ನು ಕರೆಸಿದ್ದೂ ತಂಗಿಯೇ.

"ಮೇಲೆ ಹೋಗೋಣ್ವಾ?" ಎಂದ.

ಮಹಡಿಯ ಕೋಣೆಯಲ್ಲಿ ಗಾಯಕಿ ಅಭ್ಯಾಸ ಮಾಡುತ್ತಿದ್ದರು, ಅಲ್ಲೇ ಹಾಡುಗಳ ರೆಕಾರ್ಡಿಂಗೂ ಆಗುತ್ತಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ, ಕಿಟಕಿಗೆ ಎರಡೆರಡು ಗಾಜು. ಕೊನೆಯ ದಿನಗಳಲ್ಲಿ ಅವರ ಮಂಚವನ್ನೂ ಇಲ್ಲಿಗೇ ತಂದು ಹಾಕಿದ್ದರು. ಕುರ್ಚಿ ಅರವತ್ತೈದು. ಪಕ್ಕದಲ್ಲಿ ನಿಂತಿದ್ದ ಆಕ್ಸಿಜನ್ ಮಿಷಿನ್ ಅರವತ್ತಾರು.

ಜಿಗಣೆ ಟೇಪನ್ನು ಹಾಕಿದ. ಹದಿನಾಲ್ಕನೇ ಸಲ ಕೇಳುತ್ತಿದ್ದ, ಆದರೂ ಆ ಧ್ವನಿಗೆ ಮೈ ಒಮ್ಮೆ ಜುಮ್ಮೆಂದಿತು.

"ಈ ಮನೆ ಇದ್ದದ್ದು ಹಾಡೋದಕ್ಕೆ. ನಾನು ಹೋದ ಮೇಲೆ ಇಲ್ಲಿ ಯಾರೂ ಸಂಸಾರ ಹೂಡಬಾರದು. ಬಾಗಿಲು ತೆಗೆದಿಡಿ, ಬಂದವರು ನೋಡಲಿ, ಕೇಳಲಿ. ನನ್ನ ತಂಗಿಗೂ ಇದೇ ಮಾತು. ಅವಳು ಬೇರೆ ಕಡೆ ಹೋಗಲಿ."

ಅಷ್ಟೇ. ಕೆಮ್ಮಿಲ್ಲ, ತಡವರಿಕೆಯಿಲ್ಲ.

"ಧ್ವನಿ ಅಕ್ಕಂದೇ," ಎಂದರು ತಂಗಿ. "ಅಲ್ಲ ಅನ್ನೋಕೆ ನನಗೆ ನಾಲಿಗೆ ಹೊರಳಲ್ಲ. ಆದ್ರೆ ಹೀಗೊಂದು ರೆಕಾರ್ಡಿಂಗು ಆಗೇ ಇಲ್ಲ. ನಾನು ಅವಳ ಪಕ್ಕ ಬಿಟ್ಟು ಕದಲಿಲ್ಲ. ಆಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?"

ಜಿಗಣೆ ಬಗ್ಗಿ ಅರವತ್ತಾರನೇ ನಂಬರಿನ ಸ್ವಿಚ್ಚನ್ನು ಒತ್ತಿದ. ಟಕ್ ಎಂದಿತು. ಮಿಷಿನ್ ಮೈಮುರಿದುಕೊಂಡು ಎದ್ದು, ಧಸ್ ಎಂದು ಎಳೆದು, ಉಸ್ ಎಂದು ಬಿಟ್ಟಿತು. ಮತ್ತೆ ಧಸ್, ಮತ್ತೆ ಉಸ್. ಬಾಗಿಲಾಚೆ ಮೆಟ್ಟಿಲಿನವರೆಗೂ ಆ ಸದ್ದು ಹೋಯಿತು.

"ಇದು ಯಾವಾಗಿನಿಂದ ಓಡ್ತಿತ್ತು?"

"ಕೊನೇ ಎರಡು ತಿಂಗಳು. ಹಗಲೂ ರಾತ್ರಿ."

"ನಡುವೆ ಆರಿಸ್ತಿದ್ರಾ?"

"ಅಯ್ಯೋ, ಒಂದು ನಿಮಿಷಾನೂ ಇಲ್ಲ! ಆರಿಸಿದ್ರೆ ಉಸಿರು ನಿಲ್ಲುತ್ತೆ ಅಂತ ಡಾಕ್ಟರು ಹೇಳಿದ್ರಲ್ಲ. ನರ್ಸನ್ನೇ ಕೇಳಿ ಬೇಕಾದ್ರೆ."

ನರ್ಸನ್ನು ಜಿಗಣೆ ಆಗಲೇ ಕೇಳಿದ್ದ. ಅವಳು ಹೇಳಿದ್ದೂ ಅದನ್ನೇ. ಅವನು ಮಿಷಿನ್ ಆರಿಸಿ, ಟೇಪನ್ನು ಮತ್ತೆ ಹಾಕಿ, ಮಾತಿನ ಹಿಂದೆ ಏನಿದೆಯೆಂದು ಕಿವಿಗೊಟ್ಟು ಕೇಳಿದ. ಧಸ್ಸೂ ಇಲ್ಲ, ಉಸ್ಸೂ ಇಲ್ಲ. ತೊಳೆದಿಟ್ಟ ಪಾತ್ರೆಯ ಹಾಗೆ ಚೊಕ್ಕಟ.

ಹದಿನಾಲ್ಕು ಸಲ ಮಾತಿಗೇ ಕಿವಿಗೊಟ್ಟು ಕೂತಿದ್ದ ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡ.

"ಇದು ಮೂರನೇ ತಾರೀಖಿನದಲ್ಲಮ್ಮ. ಮಿಷಿನ್ ಬರೋಕೆ ಮುಂಚಿನ ಹಳೇ ಟೇಪುಗಳಿಂದ ಮಾತು ಹೆಕ್ಕಿ ಜೋಡಿಸಿದ್ದಾರೆ. ಈ ಊರಲ್ಲಿ ಹಾಗೆ ಬೆಣ್ಣೆಯಿಂದ ಕೂದಲು ತೆಗೆದಂಗೆ ಜೋಡಿಸೋ ಕೈ ಎಷ್ಟಿವೆ?"

ತಂಗಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು.

"ಒಂದೇ," ಎಂದರು.

*

ಗಾಯಕಿಯ ರೆಕಾರ್ಡಿಸ್ಟರ ಕೋಣೆ ಎರಡು ಬೀದಿ ಆಚೆ, ಟೈಲರ್ ಅಂಗಡಿಯ ಮಹಡಿಯಲ್ಲಿತ್ತು.

"ಬಾಗಿಲು ಮೆಲ್ಲಗೆ ಹಾಕಿ," ಎಂಬುದೇ ಅವರ ಸ್ವಾಗತ.

ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಗಾಯಕಿಯ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಮೈಕಿನ ಆಚೆ ಅವರು, ಈಚೆ ಇವರು. ಊರಿನ ಉಳಿದವರೆಲ್ಲ ಹಳೆಯ ಮಿಷಿನುಗಳನ್ನು ಗುಜರಿಗೆ ಹಾಕಿ ಹತ್ತು ವರ್ಷವಾದರೂ ಇವರ ಬಳಿ ಇನ್ನೂ ಟೇಪುಗಳೇ ಸುತ್ತುತ್ತಿದ್ದವು. ಒಂದು ಇಡೀ ಗೋಡೆ ಕಪಾಟು. ಅದರ ತುಂಬ ಸಣ್ಣ ಸಣ್ಣ ಡಬ್ಬಿಗಳು, ಪ್ರತಿಯೊಂದರ ಬೆನ್ನ ಮೇಲೂ ಒಂದೇ ಕೈಬರಹ.

"ಇಷ್ಟೊಂದು ಹಾಡಿದ್ರಾ ಅವರು?" ಎಂದ ಜಿಗಣೆ.

"ಹಾಡು ಕೆಳಗಿನ ಎರಡು ಸಾಲು. ಮೇಲಿನದೆಲ್ಲ ಮೌನ."

"ಏನು?"

"ಮೌನ ಅಂದ್ನಲ್ಲ." ಕಿವಿ ಮಂದವಿರುವವರ ಮೇಲೆ ಅವರಿಗೆ ಮೊದಲಿನಿಂದಲೂ ಸಿಟ್ಟು. "ಪ್ರತಿ ರೆಕಾರ್ಡಿಂಗು ಮುಗಿದ ಮೇಲೆ ಯಾರೂ ಉಸಿರೆತ್ತದ ಹಾಗೆ ನಿಲ್ಲಿಸಿ, ಬರೀ ಕೋಣೇನ ಒಂದು ನಿಮಿಷ ಹಿಡೀತೀನಿ. ಒಂದೊಂದು ಕೋಣೆಗೂ ಒಂದೊಂದು ಮೌನ ಇರುತ್ತೆ ಸಾರ್. ಹಾಡಿನ ನಡುವೆ ಏನಾದ್ರೂ ಕತ್ತರಿಸಬೇಕಾಯ್ತು ಅನ್ನಿ, ಅಲ್ಲಿ ಖಾಲಿ ಬಿಟ್ರೆ ಕಿವಿ ಹಳ್ಳಕ್ಕೆ ಬಿದ್ದಂಗಾಗುತ್ತೆ. ಆ ಹಳ್ಳಕ್ಕೆ ಇದನ್ನ ತುಂಬೋದು."

ಜಿಗಣೆ ಡಬ್ಬಿಗಳನ್ನು ಓದಿದ. ಮೇಲಿನ ಕೋಣೆ, ಕಿಟಕಿ ಮುಚ್ಚಿ, ಒಂದು ನಿಮಿಷ. ಮೇಲಿನ ಕೋಣೆ, ಮಳೆ ನಿಂತ ಮೇಲೆ, ಒಂದು ನಿಮಿಷ. ಪ್ರತಿಯೊಂದಕ್ಕೂ ತಾರೀಖು. ನಲವತ್ತು ವರ್ಷ ಏನೂ ಕೇಳಿಸದ್ದನ್ನು ಕೂಡಿಟ್ಟುಕೊಂಡ ಮನುಷ್ಯನನ್ನು ಅವನು ಇದೇ ಮೊದಲು ನೋಡುತ್ತಿದ್ದ.

"ಹಾಗಾದ್ರೆ ನನ್ನ ಕೆಲಸ ಸುಲಭವಾಯ್ತು ಯಜಮಾನ್ರೇ," ಎಂದು ಸ್ಟೂಲು ಎಳೆದುಕೊಂಡು ಕೂತ. "ಮನೆಯ ವಿಷಯದ ಟೇಪು. ಮೂರನೇ ತಾರೀಖು ಅಂತ ಬರೆದಿದ್ದೀರಿ. ಆವತ್ತು ಆ ಕೋಣೆಯಲ್ಲಿ ಆಕ್ಸಿಜನ್ ಮಿಷಿನ್ ಗುದ್ದಾಡ್ತಿತ್ತು. ಟೇಪಲ್ಲಿ ಅದರ ಸುಳಿವಿಲ್ಲ. ಅದ್ಹೇಗೆ?"

ರೆಕಾರ್ಡಿಸ್ಟರು ಕುತ್ತಿಗೆಗೆ ನೇತುಹಾಕಿದ್ದ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ವೈರನ್ನು ನಿಧಾನವಾಗಿ ಸುತ್ತಿದರು.

"ನಾನೇ ಜೋಡಿಸಿದ್ದು," ಎಂದರು.

"ಏನಂದ್ರಿ?"

"ಹಳೇ ಟೇಪುಗಳಿಂದ ಅವರ ಮಾತು ಹೆಕ್ಕಿ ಜೋಡಿಸಿದೆ. ಸಂದಿಗಳಿಗೆ ಇಲ್ಲಿಂದ ಮೌನ ತುಂಬಿದೆ. ಟೇಪು ನಕಲಿ. ಬರೆದು ಕೊಡ್ಲಾ?"

ಎರಡು ಗಂಟೆಯ ಗುದ್ದಾಟಕ್ಕೆ ಟೊಂಕ ಕಟ್ಟಿ ಬಂದಿದ್ದ ಜಿಗಣೆಗೆ ಒಂದು ಕ್ಷಣ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ರೆಕಾರ್ಡಿಸ್ಟರು ಕಾಗದ ತೆಗೆದು ಬರೆಯುತ್ತಲೇ ಇದ್ದರು. ಸಹಿ ಹಾಕಿದರು, ತಾರೀಖು ಹಾಕಿದರು, ಊದಿ ಒಣಗಿಸಿ ಕೊಟ್ಟರು.

ಕಾಗದವನ್ನು ಮಡಚಿ ಜೇಬಿಗಿಟ್ಟರೆ ಮನೆ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲಿಳಿದು ಹೋಗಿ ತಂಗಿಯ ಕೈಯಲ್ಲಿ ಇನ್ನೊಂದು ಕಪ್ಪು ಚಹಾ ಕುಡಿಯುತ್ತಿದ್ದರು. ಜಿಗಣೆ ಕಾಗದವನ್ನು ಮಡಚಿ ಜೇಬಿಗಿಟ್ಟ, ಆದರೆ ಸ್ಟೂಲು ಬಿಟ್ಟು ಏಳಲಿಲ್ಲ. ಕೇಳುವ ಮುಂಚೆಯೇ ಬೀರುವಿನ ಕೀಲಿ ಕೊಡುವವನ ಮನೆಯಲ್ಲಿ ಸಾಮಾನು ಹಿತ್ತಲಲ್ಲಿರುತ್ತದೆ ಎಂದು ಕ್ಲೈಮುಗಳ ಕಾಲದಲ್ಲೇ ಅವನು ಕಲಿತಿದ್ದ.

"ನಕಲಿ ಟೇಪು ಮಾಡಿದ್ದಕ್ಕೆ ಜೈಲಾಗುತ್ತೆ, ಗೊತ್ತಲ್ಲ?"

"ಗೊತ್ತು."

"ಮ್ಯಾನೇಜರು ಹೇಳಿ ಮಾಡಿಸಿದ್ರಾ?"

"ಅವರಿಗೇನೂ ಗೊತ್ತಿಲ್ಲ. ನಾನು ಕೊಟ್ಟೆ, ಅವರು ತಗೊಂಡ್ರು."

"ಮತ್ತೆ ನಿಮಗೇನು ಲಾಭ?"

ರೆಕಾರ್ಡಿಸ್ಟರು ಸುತ್ತಿಟ್ಟ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

"ಇಬ್ಬರು ಪರಿಣತರು ಈ ಟೇಪನ್ನ ಸೋಸಿ ನೋಡಿದ್ದಾರೆ. ಕತ್ತರಿ ಬಿದ್ದ ಗುರುತು ಒಂದೂ ಸಿಗಲಿಲ್ಲ ಅಂತಾರೆ. ನೀವೇ ಒಂದು ತೋರಿಸಿ. ಒಂದೇ ಒಂದು ಸಾಕು."

"ನನ್ನ ಕೆಲಸದಲ್ಲಿ ಗುರುತು ಕಾಣಲ್ಲ."

"ಸರಿ. ಯಾವ ಡಬ್ಬಿಯ ಮೌನ ತುಂಬಿದ್ರಿ?"

ರೆಕಾರ್ಡಿಸ್ಟರು ಕಪಾಟಿನ ಕಡೆ ನೋಡಿ, ಮೇಲಿನ ಸಾಲಿನ ಒಂದು ಡಬ್ಬಿಗೆ ಬೆರಳು ತೋರಿಸಿದರು. ಜಿಗಣೆ ಎದ್ದು ಅದನ್ನು ಹೊರಗೆಳೆದ. ಅದರ ನೆತ್ತಿಯ ಮೇಲೆ ವರ್ಷಗಟ್ಟಲೆಯ ಧೂಳು, ಒಂದು ಬೆರಳಿನ ಗುರುತೂ ಇಲ್ಲ. ಅವನು ಅದನ್ನು ಒಳಗೆ ತಳ್ಳಿದ. ಸಾಲನ್ನು ಹಿಡಿದು ಬಲಕ್ಕೆ ನಡೆಯುತ್ತ ಹೋದ. ತಾರೀಖುಗಳು ಈಚೆಗೆ ಈಚೆಗೆ ಬಂದವು. ಹೋದ ವರ್ಷ. ಈ ವರ್ಷ. ಸಾಲಿನ ಕೊನೆಯ ಡಬ್ಬಿ.

ಮೇಲಿನ ಕೋಣೆ, ಕಿಟಕಿ ಮುಚ್ಚಿ, ಒಂದು ನಿಮಿಷ. ತಾರೀಖು ಹದಿನೆಂಟು.

ಗಾಯಕಿ ಸತ್ತದ್ದು ಆವತ್ತು. ಮೌನ ಹಿಡಿದಿದ್ದಾರೆಂದರೆ ಆವತ್ತು ರೆಕಾರ್ಡಿಂಗೂ ಆಗಿತ್ತು.

"ಮಾತಿನ ಟೇಪಿನ ಮೇಲೆ ಸುಳ್ಳು ತಾರೀಖು ಬರೆದ್ರಿ," ಎಂದ ಜಿಗಣೆ ಮೆಲ್ಲಗೆ. "ಮೌನದ ಮೇಲೆ ಬರೆಯೋಕೆ ಕೈ ಬರಲಿಲ್ಲ. ಅಲ್ವಾ?"

ಮುದುಕರ ಮುಖ ಕಳೆಗುಂದಿತು. ಕೆಳಗಡೆ ಟೈಲರನ ಮಿಷಿನ್ ಒಂದು ಉದ್ದ ಹೊಲಿಗೆ ಹಾಕಿ ನಿಂತಿತು.

"ಮೌನಕ್ಕೆ ತಾರೀಖು ತಪ್ಪಿದ್ರೆ ಮುಂದೆ ಯಾರಿಗೂ ಉಪಯೋಗಕ್ಕೆ ಬರಲ್ಲ," ಎಂದರು ಕೊನೆಗೆ. ಅದು ತಪ್ಪೊಪ್ಪಿಗೆಯೂ ಆಗಿತ್ತು.

"ಟೇಪು ಅಸಲಿ."

"ಅಸಲಿ."

"ಹದಿನೆಂಟನೇ ತಾರೀಖು ತೆಗೆದದ್ದು."

"ಮಧ್ಯಾಹ್ನ ನರ್ಸು ಊಟಕ್ಕೆ ಹೋಗಿದ್ಲು. ಇವತ್ತು ಹೇಳಿಬಿಡ್ತೀನಿ ಬಾ ಅಂತ ದೊಡ್ಡಮ್ಮಾವ್ರೇ ಫೋನ್ ಮಾಡಿಸಿದ್ರು. ಹೋದೆ. ಮೈಕಿಟ್ಟೆ. ಕೂತ್ಕೊಂಡು ಎಂದಿನಂತೆ ಬೆರಳೆತ್ತಿದೆ."

ಅವರು ತೋರುಬೆರಳು ಎತ್ತಿ ತೋರಿಸಿದರು. ಎತ್ತಿದ ಬೆರಳನ್ನು ತಾವೇ ನೋಡಿ, ಸರಕ್ಕನೆ ಮಡಿಲಿಗೆ ಇಳಿಸಿಕೊಂಡರು.

"ನಾನು ಬೆರಳೆತ್ತಿದ್ರೆ ಮನೆಯಲ್ಲಿ ಫ್ಯಾನು, ಫ್ರಿಜ್ಜು, ಗಡಿಯಾರ ಎಲ್ಲ ನಿಲ್ಲಬೇಕು. ನಲವತ್ತು ವರ್ಷದ ಕಾಯಿದೆ ಅದು. ನಿಲ್ಲಿಸೋ ಕೆಲಸ ದೊಡ್ಡಮ್ಮಾವ್ರ ತಂಗಿ, ಚಿಕ್ಕಮ್ಮಾವ್ರದು. ನಾನು ಎತ್ತಿದೆ, ಅವರು ಆರಿಸಿದ್ರು."

"ಆಕ್ಸಿಜನ್ ಮಿಷಿನ್ನನ್ನ?"

"ಸದ್ದು ಮಾಡ್ತಿದ್ದದ್ದು ಅದೊಂದೇ."

ಒಂದು ನಿಮಿಷಾನೂ ಆರಿಸಿಲ್ಲ ಎಂದ ಹೆಂಗಸಿನ ಮುಖ ಜಿಗಣೆಯ ಕಣ್ಣಮುಂದೆ ಬಂತು.

"ಮೂವರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

"ಹೇಗೆ ಹೊಳೆಯುತ್ತೆ ಸಾರ್? ದೊಡ್ಡಮ್ಮಾವ್ರೂ ಬೇಡ ಅನ್ನಲಿಲ್ಲ. ಸದ್ದು ನಿಂತದ್ದೇ ಬೆನ್ನು ನೆಟ್ಟಗೆ ಮಾಡಿ ಕೂತ್ರು. ಹಾಡೋಕೆ ಕೂತ ಹಾಗೇ ಕೂತ್ರು. ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ರು. ಎಂಥ ಚೆನ್ನಾಗಿ ಹೇಳಿದ್ರು! ನನಗೆ ಖುಷಿಯಾಗಿಬಿಡ್ತು. ಆ ಖುಷಿಯಲ್ಲೇ..." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆ ಖುಷಿಯಲ್ಲೇ ಒಂದು ನಿಮಿಷ ಅಂದೆ."

"ಆ ನಿಮಿಷದ ಟೇಪು ಹಾಕಿ," ಎಂದ ಜಿಗಣೆ.

"ಬೇಡ ಸಾರ್. ಆ ಕಾಗದ ತಗೊಂಡು ಹೋಗಿ. ನಾನು ನಕಲಿ ಮಾಡಿದೋನು ಅಂತಲೇ ಇರಲಿ. ಕೊಂದೋನು ಅನ್ನಿಸಿಕೊಳ್ಳೋದಕ್ಕಿಂತ ಅದು ವಾಸಿ."

"ಹಾಕಿ ಯಜಮಾನ್ರೇ."

ಟೇಪು ಸುತ್ತತೊಡಗಿತು. ಜಿಗಣೆ ಹೆಡ್‌ಫೋನಿನ ಒಂದು ಕಿವಿಯನ್ನು ತಾನು ಒತ್ತಿಕೊಂಡು, ಗಡಿಯಾರವನ್ನು ನೋಡುತ್ತ ಕೂತ. ಮೊದಲು ಏನೂ ಇಲ್ಲ ಎನ್ನಿಸಿತು. ಆಮೇಲೆ ಉಸಿರು ಕೇಳಿಸಿತು. ಮೈಕಿಗೆ ತೀರ ಹತ್ತಿರದ, ಸಣ್ಣದಾಗಿ ಗೊರಗುಡುವ, ಆದರೂ ಸದ್ದಾಗಬಾರದೆಂದು ಹಿಡಿದು ಹಿಡಿದು ಬಿಡುವ ಉಸಿರು. ಸಾಯುತ್ತಿದ್ದ ಹೆಂಗಸು ಟೇಪು ಕೆಡದಿರಲಿ ಎಂದು ಉಸಿರನ್ನು ಅದುಮಿಕೊಂಡಿದ್ದರು. ಹತ್ತು ಸೆಕೆಂಡು. ಹದಿನೈದು.

ಇಪ್ಪತ್ತನೇ ಸೆಕೆಂಡಿಗೆ ಟಕ್.

ಮಿಷಿನ್ ಎದ್ದಿತು. ಧಸ್. ಉಸ್. ಧಸ್.

ಟಕ್.

ಮತ್ತೆ ಬರೀ ಉಸಿರು. ತೆಳ್ಳಗಾಯಿತು, ದೂರವಾಯಿತು. ನಲವತ್ತೊಂದನೇ ಸೆಕೆಂಡಿನ ನಂತರ ಅದೂ ಇರಲಿಲ್ಲ. ಟೇಪು ಇನ್ನೂ ಹತ್ತೊಂಬತ್ತು ಸೆಕೆಂಡು ಓಡಿ, ನಿಮಿಷ ತುಂಬಿದ ಮೇಲೆ ನಿಂತಿತು.

ಜಿಗಣೆ ಹೆಡ್‌ಫೋನು ಕೆಳಗಿಟ್ಟ. ಸಿಟ್ಟು ಬಂದಿತ್ತು.

"ಉಸಿರು ನಿಂತದ್ದು ನಿಮ್ಮ ಕಿವಿಗೆ ಬಿತ್ತು. ಇರುವೆ ನಡೆದ್ರೂ ಕೇಳಿಸೋ ಕಿವಿ ನಿಮ್ಮದು. ಯಾಕೆ ಏಳಲಿಲ್ಲ?"

"ನಿಮಿಷ ಮುಗಿದಿರಲಿಲ್ಲ," ಎಂದರು ರೆಕಾರ್ಡಿಸ್ಟರು.

ಬೇರೆ ಯಾರು ಹೇಳಿದ್ದರೂ ಜಿಗಣೆ ಕಪಾಳಕ್ಕೆ ಬಿಗಿಯುತ್ತಿದ್ದ. ಈ ಮನುಷ್ಯ ಹೇಳಿದ್ದು ನಿಜವೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಆಮೇಲೆ?"

"ಇಬ್ಬರೂ ಎತ್ತಿ ಮಂಚಕ್ಕೆ ಮಲಗಿಸಿದ್ವಿ. ಮಿಷಿನ್ ಹಚ್ಚಿದ್ವಿ. ನೀವು ಇವತ್ತು ಇಲ್ಲಿಗೆ ಬರಲೇ ಇಲ್ಲ, ರೆಕಾರ್ಡಿಂಗು ಆಗಲೇ ಇಲ್ಲ ಅಂದ್ರು ಚಿಕ್ಕಮ್ಮಾವ್ರು. ನಾನು ಹೂಂ ಅಂದೆ. ಟೇಪು ಅಳಿಸಿಬಿಡಿ ಅಂದ್ರು. ಅದಕ್ಕೂ ಹೂಂ ಅಂದೆ. ಆದ್ರೆ ಅದು ಅವರ ಕೊನೇ ಮಾತು. ನಲವತ್ತು ವರ್ಷ ಅವರ ಧ್ವನಿ ಕಾಪಾಡಿದ ಕೈಯಲ್ಲಿ ಅದನ್ನ ಅಳಿಸೋಕಾಗಲ್ಲ. ಎರಡು ತಿಂಗಳು ಒದ್ದಾಡಿ, ತಾರೀಖು ಬದಲಾಯಿಸಿ ಮ್ಯಾನೇಜರಿಗೆ ಕೊಟ್ಟೆ."

ಈಗ ಜಿಗಣೆಗೆ ಎಲ್ಲ ಒಂದು ಸಾಲಿಗೆ ಬಂತು. ಇಲ್ಲ ಎಂದವರು ಒಬ್ಬರು, ನಕಲಿ ಎಂದವರು ಇನ್ನೊಬ್ಬರು, ಇಬ್ಬರೂ ಮುಚ್ಚಿಟ್ಟದ್ದು ಒಂದೇ ಮಧ್ಯಾಹ್ನವನ್ನು. ಮೊದಲ ಸಲ ಮಿಷಿನ್ ಆರಿದ್ದಕ್ಕೆ ಕಾರಣ ಅಭ್ಯಾಸಬಲ ಎನ್ನೋಣ. ಅಷ್ಟನ್ನು ಯಾವ ವಕೀಲರಾದರೂ ನಂಬಿಯಾರು.

"ಇಪ್ಪತ್ತನೇ ಸೆಕೆಂಡಿಗೆ ಯಾರೋ ಹಚ್ಚಿದ್ದಾರೆ. ಮತ್ತೆ ಆರಿಸಿದ್ದಾರೆ. ಯಾರು?"

"ನನಗೆ ಗೊತ್ತಿಲ್ಲ."

"ಅಲ್ಲೇ ಇದ್ರಲ್ಲ ನೀವು!"

"ಆ ಒಂದು ನಿಮಿಷ ನಾನು ಕಣ್ಣು ಮುಚ್ಚಿಕೊಂಡಿರ್ತೀನಿ ಸಾರ್. ಯಾವಾಗಲೂ. ಕಣ್ಣು ಬಿಟ್ಟಿದ್ರೆ ಕಿವಿ ಪೂರ್ತಿ ಕೆಲಸ ಮಾಡಲ್ಲ."

"ಕೋಣೆಯಲ್ಲಿ ಇನ್ನ್ಯಾರಿದ್ರು?"

"ನಾವು ಮೂವರೇ. ಮಿಷಿನ್ ನಟ್ಟನಡುವೆ ಇತ್ತು. ಸ್ವಿಚ್ಚು ಮೂವರ ಕೈಗೂ ಎಟಕುತ್ತಿತ್ತು."

ಜಿಗಣೆ ಮುದುಕರನ್ನು ನೋಡಿದ. ನಿಮಿಷ ಕೆಡುತ್ತದೆ ಎಂದು ಕಣ್ಣುಮುಚ್ಚಿಯೇ ಕೈಚಾಚಿದ್ದು ಈ ಕೈ ಇರಬಹುದು. ಟೇಪಿಗೋಸ್ಕರ ಉಸಿರನ್ನೇ ಅದುಮಿಕೊಂಡ ಗಾಯಕಿಯ ಕೈಯೂ ಇರಬಹುದು. ಇಲ್ಲವೇ, ನಲವತ್ತು ವರ್ಷ ಹೇಳಿದ್ದನ್ನೆಲ್ಲ ಆರಿಸುತ್ತ ಬಂದು, ಕೊನೆಗೆ ಅದೇ ಕೋಣೆಯಲ್ಲಿ ನಿಂತು, ಅವಳು ಬೇರೆ ಕಡೆ ಹೋಗಲಿ ಎಂಬ ಮಾತನ್ನು ಆಗತಾನೇ ಕೇಳಿಸಿಕೊಂಡ ಕೈ.

ಜೇಬಿನಲ್ಲಿ ಫೋನು ಮೊಳಗಿತು. ತಂಗಿ.

"ಒಪ್ಪಿಕೊಂಡ್ರಾ?" ಎಂದರು, ಹಲೋ ಕೂಡ ಇಲ್ಲದೆ.

"ನಕಲಿ ಅಂತ ಬರೆದುಕೊಟ್ಟಿದ್ದಾರಮ್ಮ. ಸಹಿಯೂ ಹಾಕಿದ್ದಾರೆ."

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು. "ಸ್ವಾಮೀ, ನೀವು ಚೆನ್ನಾಗಿರಬೇಕು. ಈ ವಯಸ್ಸಲ್ಲಿ ಬಾಡಿಗೆ ಕೋಣೆ ಹುಡುಕಿಕೊಂಡು ಎಲ್ಲಿಗೆ ಹೋಗ್ಲಿ ಅಂತ ಒಂದು ತಿಂಗಳಿಂದ ನಿದ್ದೆ ಮಾಡಿಲ್ಲ. ನಾಳೆ ಅದನ್ನ ವಕೀಲರ ಕೈಗೆ ಕೊಟ್ಟುಬಿಡಿ, ಸಾಕು."

"ಕೊಡ್ತೀನಿ. ಕೊಡೋಕೆ ಮುಂಚೆ ಒಂದೇ ಒಂದು ಮಾತು." ಅವನು ರೆಕಾರ್ಡಿಸ್ಟರ ಮುಖದಿಂದ ಕಣ್ಣು ತೆಗೆಯಲಿಲ್ಲ. "ಮಿಷಿನ್ನನ್ನ ಮೊದಲನೇ ಸಲ ಆರಿಸಿದ್ದು ನೀವು ಅಂತ ಗೊತ್ತಾಯ್ತು. ಎರಡನೇ ಸಲ ಆರಿಸಿದ್ದು ಯಾರಮ್ಮ?"

ಆ ಕಡೆ ಕಪ್ಪೊಂದನ್ನು ಸಾಸರಿನ ಮೇಲಿಟ್ಟ ಸದ್ದು ಕೇಳಿಸಿತು.

"ಎರಡನೇದೂ ಟೇಪಲ್ಲಿ ಬಿದ್ದಿದೆಯಾ?" ಎಂದರು ತಂಗಿ.